ತಾರಸಿಯ ಮೇಲೆ ಮಾತ್ರ ಸ್ಪಷ್ಟ

ಜನವರಿ 9

ತಂತಿರಾಯನಿಗೆ ಭಾವನ ಆಶೀರ್ವಾದಗಳು.

ನಿನ್ನ ಅಕ್ಕ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಹಾಗೇ ಇದೆ. ಫೋನಿನಲ್ಲೇ ಕೇಳಬಹುದಾದದ್ದನ್ನು ಕಾಗದದಲ್ಲಿ ಕೇಳುತ್ತಿದ್ದೇನೆ, ಯಾಕೆಂದರೆ ಫೋನಿನಲ್ಲಿ ನೀನು ಗೊಣಗುತ್ತೀಯ. ಬರೆದರೆ ಅಕ್ಷರವಾದರೂ ನಿಲ್ಲುತ್ತದೆ.

ರೇಡಿಯೋದ ಹಳೆಯ ಪ್ರಸಾರ ಈ ತಿಂಗಳ ಕೊನೆಗೆ ನಿಲ್ಲುತ್ತದೆಂದು ಪತ್ರಿಕೆಯಲ್ಲಿ ಓದಿದೆ. ಪ್ರಸಾರ ಗೋಪುರದ ಎಂಜಿನಿಯರ್ ಆಗಿ ಅದನ್ನು ನಿಲ್ಲಿಸುವವರಲ್ಲಿ ನೀನೂ ಒಬ್ಬ. ಆದ್ದರಿಂದ ಮುಂದೇನು ಎಂದು ಹೇಳುವ ಹೊಣೆಯೂ ನಿನ್ನದೇ. ಅಂಗಡಿಯವನು ಎರಡು ಪೆಟ್ಟಿಗೆ ತೋರಿಸಿದ. ಒಂದು ಡಿಜಿಟಲ್ ರೇಡಿಯೋ, ನಿಮ್ಮಂಥವರ ಗೋಪುರದಿಂದ ಬರುವುದು. ಇನ್ನೊಂದು ಉಪಗ್ರಹ ರೇಡಿಯೋ, ಮೇಲಿನಿಂದ ಇಳಿಯುವುದು. ಯಾವುದು ಒಳ್ಳೆಯದಪ್ಪಾ ಎಂದೆ. "ಎರಡೂ ಒಳ್ಳೇದೇ ಸಾರ್, ನಿಮ್ಮಿಷ್ಟ" ಅಂದ. "ನನ್ನಿಷ್ಟ ಏನು ಅಂತ ನಂಗೇ ಗೊತ್ತಿದ್ದಿದ್ರೆ ನಿನ್ನನ್ಯಾಕಪ್ಪಾ ಕೇಳ್ತಿದ್ದೆ" ಅಂದು ಎದ್ದು ಬಂದೆ.

ನಮ್ಮದು ಮನೆಯಲ್ಲಿ ಕೂತು ಕೇಳುವ ರೇಡಿಯೋ. ಕಾರಿಲ್ಲ, ತಿರುಗಾಟವಿಲ್ಲ. ನನಗೆ ಬೇಕಾದ್ದು ಒಂದೇ: ಮಾತು ಸ್ಪಷ್ಟವಾಗಿರಬೇಕು. ಸಂಗೀತ ಹೇಗಿದ್ದರೂ ನಡೆಯುತ್ತದೆ. ಈಗಿರುವ ಪೆಟ್ಟಿಗೆಯಲ್ಲಿ ವರ್ಷದಿಂದೀಚೆಗೆ ಮಾತು ಕಲಸಿಕೊಂಡು ಬರುತ್ತಿದೆ. ಬೆಳಿಗ್ಗೆ ಅದನ್ನು ತಾರಸಿಗೆ ಒಯ್ದಾಗ ಮಾತ್ರ ಅಕ್ಷರ ಬಿಡಿಸಿಟ್ಟ ಹಾಗೆ ಕೇಳುತ್ತದೆ. ಸಂಜೆ ಕೆಳಗಿನ ಕೋಣೆಯಲ್ಲಿ ಹಾಕಿದರೆ ಯಾರೋ ಕಂಬಳಿಯೊಳಗಿಂದ ಓದಿದಂತೆ.

ಸ್ಥಳೀಯ ಕೇಂದ್ರ ಬೇಕೇ ಬೇಕು ಎಂದೇನೂ ಇಲ್ಲ. ಇದನ್ನು ಗಮನದಲ್ಲಿಟ್ಟುಕೊಂಡು, ಜಾಹೀರಾತಿನ ಹಾಗಲ್ಲದೆ, ಇದ್ದದ್ದು ಇದ್ದ ಹಾಗೆ ಬರೆ.

ನಿನ್ನ ಭಾವ

ಜನವರಿ 17

ಭಾವನವರಿಗೆ ನಮಸ್ಕಾರಗಳು.

ನಿಮ್ಮ ಮದುವೆಗೆ ಉಡುಗೊರೆಯಾಗಿ ಬಂದ ರೇಡಿಯೋವನ್ನು ಬಿಚ್ಚಿಟ್ಟು ನಿಮ್ಮಿಂದ ತಂತಿರಾಯ ಅನ್ನಿಸಿಕೊಂಡವನು ನಾನು. ಅವತ್ತಿನ ನಷ್ಟವನ್ನು ಇವತ್ತು ಸಲಹೆ ಕೊಟ್ಟು ತುಂಬುತ್ತೇನೆ.

ಮೊದಲು ನಮ್ಮದು. ಡಿಜಿಟಲ್ ಪ್ರಸಾರ ಗೋಪುರದಿಂದ ಹೊರಟು ನೆಲದ ಮೇಲೇ ಹರಡುತ್ತದೆ. ಹತ್ತಾರು ಕೇಂದ್ರಗಳನ್ನು ಒಂದೇ ಗೊಂಚಲಾಗಿ ಕಟ್ಟಿ ಕಳಿಸುತ್ತೇವೆ, ನಿಮ್ಮ ಪೆಟ್ಟಿಗೆ ಗೊಂಚಲನ್ನು ಬಿಡಿಸಿಕೊಳ್ಳುತ್ತದೆ. ಒಮ್ಮೆ ಪೆಟ್ಟಿಗೆ ಕೊಂಡರೆ ಆಯಿತು, ಚಂದಾ ಇಲ್ಲ. ಹಳೆಯ ರೇಡಿಯೋದ ಕರಕರ ಇದರಲ್ಲಿ ಇರುವುದಿಲ್ಲ. ಆದರೆ ಒಂದು ತಿಳಿದಿರಲಿ. ಹಳೆಯದು ಸಿಗ್ನಲ್ ಕಡಿಮೆಯಾದಂತೆ ನಿಧಾನವಾಗಿ ಹಾಳಾಗುತ್ತಿತ್ತು, ಕಿವಿ ಕೊಟ್ಟು ಕೇಳಿದರೆ ಅರ್ಧವಾದರೂ ಸಿಗುತ್ತಿತ್ತು. ಇದು ಹಾಗಲ್ಲ. ಬಂದರೆ ಪೂರ್ತಿ ಬರುತ್ತದೆ. ಸಿಗ್ನಲ್ ಸಾಲದಾದರೆ ನೀರಿನೊಳಗೆ ಮಾತಾಡಿದ ಹಾಗೆ ಗುಳುಗುಳು ಎಂದು ಆಮೇಲೆ ಸದ್ದೇ ಇಲ್ಲ. ದಪ್ಪ ಗೋಡೆಯ ಕೋಣೆಯಲ್ಲಿ ತೊಂದರೆ, ಕಿಟಕಿಯ ಹತ್ತಿರ ಸುಖ.

ಉಪಗ್ರಹ ರೇಡಿಯೋ ಹುಟ್ಟಿದ್ದೇ ಊರೂರು ಸುತ್ತುವವರಿಗಾಗಿ. ಸಾವಿರ ಮೈಲಿ ಹೋದರೂ ಅದೇ ಕೇಂದ್ರ, ಅದೇ ಧ್ವನಿ. ಮನೆಯಲ್ಲಿ ಕೇಳಬೇಕಾದರೆ ಪುಟ್ಟ ಆ್ಯಂಟೆನಾವನ್ನು ಕಿಟಕಿಗೋ ತಾರಸಿಗೋ ಕಟ್ಟಿ, ಉಪಗ್ರಹ ಇರುವ ದಿಕ್ಕಿಗೆ ತಿರುಗಿಸಬೇಕು. ನಡುವೆ ಮರ, ಗೋಡೆ ಏನೂ ಇರಬಾರದು. ಚಂದಾ ಕಟ್ಟುತ್ತಿರಬೇಕು. ಕೇಂದ್ರಗಳು ನೂರಕ್ಕೆ ಮೇಲೆ. ಅಷ್ಟನ್ನು ತುರುಕಬೇಕೆಂದು ಮಾತಿನ ಕೇಂದ್ರಗಳ ಧ್ವನಿಯನ್ನು ಹಿಂಡಿ ಸಣ್ಣದು ಮಾಡುತ್ತಾರೆ. ನಮ್ಮವರೂ ಹಿಂಡುತ್ತಾರೆ, ಸುಳ್ಳು ಹೇಳುವುದಿಲ್ಲ. ಅವರು ಸ್ವಲ್ಪ ಜಾಸ್ತಿ.

ನಿಮ್ಮ ತಾರಸಿಯ ವಿಷಯ ಸುಲಭ. ಮೇಲೆ ಬಯಲು, ಗೋಡೆಯ ಅಡ್ಡಿ ಇಲ್ಲ. ಹಳೆಯ ಪ್ರಸಾರ ಬೆಳಗಿನ ಹೊತ್ತು ಒಂದು ಥರ, ಸಂಜೆ ಒಂದು ಥರ ವರ್ತಿಸುವುದೂ ಉಂಟು, ಅದು ಮೇಲಿನ ವಾತಾವರಣದ ಆಟ. ಡಿಜಿಟಲ್‌ನಲ್ಲಿ ಆ ಆಟ ಇಲ್ಲ. ಕಿಟಕಿಯ ಪಕ್ಕ ಇಟ್ಟರೆ ಮೂರು ಹೊತ್ತೂ ಒಂದೇ ಸಮ.

ನನ್ನ ಸಲಹೆ: ಡಿಜಿಟಲ್. ನಮ್ಮ ಕೇಂದ್ರ ಅದರಲ್ಲಿ ಮಾತ್ರ ಬರುತ್ತದೆ, ಉಪಗ್ರಹದಲ್ಲಿ ಸ್ಥಳೀಯ ಅನ್ನುವುದೇ ಇಲ್ಲ. ಬೇಡವಾದರೆ ನಮ್ಮ ಕೇಂದ್ರ ಹಾಕದೆ ಇರಬಹುದು, ಗುಂಡಿ ನಿಮ್ಮ ಕೈಯಲ್ಲೇ ಇರುತ್ತದೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎಲ್ಲರೂ ಅಂದರೆ ಎಲ್ಲರೂ.

ನಿಮ್ಮ ಬಾಮೈದ

ಫೆಬ್ರವರಿ 2

ತಂತಿರಾಯನಿಗೆ,

ನಿನ್ನ ಕಾಗದ ಎರಡು ಸಲ ಓದಿದೆ. ವಿವರ ಚೆನ್ನಾಗಿದೆ. ಉಪಗ್ರಹ ರೇಡಿಯೋ ಕೊಂಡೆ.

ಆ್ಯಂಟೆನಾ ಕಟ್ಟಲು ಅರ್ಧ ದಿನ ಹಿಡಿಯಿತು. ಪಕ್ಕದ ಮನೆಯವರ ನೀರಿನ ಟ್ಯಾಂಕು ಸರಿಯಾಗಿ ಉಪಗ್ರಹದ ದಿಕ್ಕಿಗೇ ನಿಂತಿದೆ. ಜೀವಮಾನವಿಡೀ ಊರಿಗೆ ನೀರು ಶುದ್ಧ ಮಾಡಿ ಕೊಟ್ಟವನಿಗೆ ನೀರೇ ಅಡ್ಡ. ಕೊನೆಗೆ ತಾರಸಿಯ ಮೂಲೆಯಲ್ಲಿ ಬಿದಿರುಕೋಲು ನಿಲ್ಲಿಸಿ ಕಟ್ಟಿದೆ. ನಿನ್ನ ಅಕ್ಕ ಕೆಳಗೆ ಪೆಟ್ಟಿಗೆಯ ಮುಂದೆ ಕೂತು, ಬಂತು, ಹೋಯಿತು ಎಂದು ಕೂಗಬೇಕಿತ್ತು. ಅವಳು ಕೂಗಿದ್ದು ನನಗೆ ತಿಳಿಯಲಿಲ್ಲ. ಮೆಟ್ಟಿಲು ಹತ್ತಿ ಬಂದಳು.

"ಬಂತು ಬಂತು ಅಂತ ಗಂಟಲು ಹರ್ಕೊಂಡೆ, ನೀವು ಇನ್ನೂ ತಿರುಗಿಸ್ತಾನೇ ಇದ್ದೀರಲ್ಲ!"

"ಗಾಳಿಗೆ ಕೇಳಿಸ್ಲಿಲ್ಲ ಕಣೆ."

"ಎಲ್ಲಿದೆ ಗಾಳಿ? ಒಗೆದು ಹಾಕಿರೋ ಬಟ್ಟೆ ಅಲ್ಲಾಡ್ತಾ ಇಲ್ಲ."

ಹೆಂಗಸರಿಗೆ ವಾದ ಮಾಡಲು ಬಟ್ಟೆಯೂ ಸಾಕ್ಷಿ. ಇರಲಿ. ನೂರಾರು ಕೇಂದ್ರಗಳಿವೆ. ದೇಶದೇಶದ ಸುದ್ದಿ. ಕರಕರ ಇಲ್ಲ. ತೃಪ್ತಿಯಾಗಿದೆ.

ನಿನ್ನ ಭಾವ

ಫೆಬ್ರವರಿ 10

ಭಾವನವರಿಗೆ,

ಕೊಂಡಿದ್ದು ಸಂತೋಷ. ಸಲಹೆ ಕೇಳಿ ಅದಕ್ಕೆ ಉಲ್ಟಾ ಮಾಡುವವರು ನಮ್ಮ ಮನೆತನದಲ್ಲಿ ನೀವು ಮೊದಲನೆಯವರಲ್ಲ.

ಒಂದು ಮಾತು ಹೇಳಲೇಬೇಕು, ಬೇಜಾರಾದರೆ ಆಗಲಿ. ಮೂರು ವರ್ಷದ ಹಿಂದೆ ನಿಮ್ಮ ಶುದ್ಧೀಕರಣ ಘಟಕದ ನೀರು ಕೆಟ್ಟಿದೆಯೆಂದು ನಮ್ಮ ಕೇಂದ್ರದಲ್ಲಿ ಆ ವಾರ್ತೆ ಬಂದಾಗ ಅದನ್ನು ಬರೆದವರು ಬೇರೆ, ಓದಿದವಳು ನಿಮ್ಮ ಮಗಳು. ಕ್ಲೋರಿನ್ ಯಂತ್ರ ಕೆಟ್ಟಿದೆಯೆಂದು ನೀವು ಮೇಲಿನವರಿಗೆ ಹೇಳಿ ಹೇಳಿ ಸಾಕಾಗಿದ್ದು ಅದರಲ್ಲಿ ಇರಲಿಲ್ಲ. ಮೇಲ್ವಿಚಾರಕರ, ಅಂದರೆ ನಿಮ್ಮ, ನಿರ್ಲಕ್ಷ್ಯ ಎಂದಷ್ಟೇ ಇತ್ತು. ಓದಬೇಡ ಎಂದು ನೀವು ಹೇಳಿದಿರಿ, ಅವಳು ಓದಿದಳು. ಆ ಸಂಜೆ ನೀವು ಬಾಗಿಲಲ್ಲಿ ನಿಂತು "ಇನ್ಮೇಲೆ ನಿನ್ನ ಧ್ವನಿ ಈ ಮನೇಲಿ ಕೇಳಿಸಕೂಡ್ದು" ಅಂದಿರಂತೆ. ಅವಳು ಇಲ್ಲಿಗೆ ಬಂದು ನಮ್ಮ ಕೇಂದ್ರದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಅಮ್ಮನಿಗೆ ಮಾತ್ರ ಫೋನು ಮಾಡುತ್ತಾಳೆ, ಅದೂ ನೀವು ಹೊರಗೆ ಹೋದ ಹೊತ್ತು ನೋಡಿ.

ಈಗ ನೀವು ಕೊಂಡಿರುವ ಪೆಟ್ಟಿಗೆ ನಿಮ್ಮ ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತದೆ. ಅದಕ್ಕಾಗಿ ಚಂದಾ ಕೂಡ ತೆಗೆದುಕೊಳ್ಳುತ್ತದೆ.

ನಿಮ್ಮ ಬಾಮೈದ

ಮಾರ್ಚ್ 6

ತಂತಿರಾಯನಿಗೆ,

ನಿನ್ನ ಹಿಂದಿನ ಕಾಗದದ ಎರಡನೆಯ ಭಾಗಕ್ಕೆ ಉತ್ತರ ಇಲ್ಲ. ಇದು ಪೂರ್ತಿ ತಾಂತ್ರಿಕ ಕಾಗದ. ಉತ್ತರವೂ ಹಾಗೇ ಇರಲಿ.

ಉಪಗ್ರಹ ರೇಡಿಯೋ ತೃಪ್ತಿಕರವಾಗಿಲ್ಲ. ಮೊದಲು ಹೊಸತನಕ್ಕೆ ಚೆನ್ನಾಗಿ ಕಂಡಿತು. ಆದರೆ ಯಾವ ಕೇಂದ್ರ ಹಾಕಿದರೂ ಓದುವವರು ಬಾಯಲ್ಲಿ ಹತ್ತಿ ಇಟ್ಟುಕೊಂಡಂತೆ ಓದುತ್ತಾರೆ. ಧ್ವನಿ ಜೋರು ಮಾಡಿದರೆ ಜೋರಾದ ಹತ್ತಿ. ನೀನು ಹೇಳಿದ ಹಿಂಡುವಿಕೆಯೇ ಕಾರಣ ಎಂದು ತೀರ್ಮಾನಿಸಿ, ಹೋಲಿಸಿ ನೋಡುವ ಉದ್ದೇಶದಿಂದ, ಡಿಜಿಟಲ್ ಪೆಟ್ಟಿಗೆಯನ್ನೂ ತಂದೆ. ಈಗ ಎರಡೂ ಅಕ್ಕಪಕ್ಕ ಇವೆ. ನಿನ್ನ ಅಕ್ಕ "ಇಬ್ರು ಸವತೀರು" ಅನ್ನುತ್ತಾಳೆ.

ಡಿಜಿಟಲ್‌ನಲ್ಲೂ ಅದೇ ದೋಷ. ಕಿಟಕಿಯ ಬಳಿ ಇಟ್ಟೆ, ಸಿಗ್ನಲ್ ಪಟ್ಟಿ ತುಂಬಿದೆ. ಆದರೂ ಕಳೆದ ಗುರುವಾರ ಸಂಜೆಯ ವಾರ್ತೆಯಲ್ಲಿ ನಿಮ್ಮ ಕೇಂದ್ರದ ಗಂಡಸು "ರೈತರ ನೀರಿನ ಹತ್ತು" ಎಂದು ಮೂರು ಸಲ ಓದಿದ. ನೀರಿನ ಹತ್ತು ಎಂದರೇನು? ಹತ್ತು ಏನು? ಕೊಡವೇ, ಕಾಲುವೆಯೇ? ಹಕ್ಕು ಎನ್ನಬೇಕಾದಲ್ಲಿ ಹತ್ತು ಎನ್ನುವವನನ್ನು ಮೈಕಿನ ಮುಂದೆ ಕೂರಿಸಿದ್ದೀರಿ. ಹಿಂದಿನ ದಿನ ಒಬ್ಬಾಕೆ "ಕತ್ತು ಹಣ" ಎಂದಳು. ಕಪ್ಪು ಹಣ ಎಂದು ನನಗೆ ಮರುದಿನ ಪತ್ರಿಕೆ ಓದಿದ ಮೇಲೆ ತಿಳಿಯಿತು.

ತಾರಸಿಗೆ ಒಯ್ದೂ ಪರೀಕ್ಷಿಸಿದೆ. ಸಂಜೆ ತಾರಸಿಯ ಮೇಲೂ ಇದೇ ಕಥೆ. ಆದ್ದರಿಂದ ಬಯಲು, ಗೋಡೆ ಎಂಬ ನಿನ್ನ ವಿವರಣೆ ನಿಲ್ಲುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಬೆಳಗಿನ ಏಳು ಗಂಟೆಯ ವಾರ್ತೆ ಮಾತ್ರ ಹಳೆಯ ಪೆಟ್ಟಿಗೆಯಲ್ಲಿ ಹೇಗೆ ಸ್ಪಷ್ಟವಾಗಿತ್ತೋ ಇದರಲ್ಲೂ ಹಾಗೇ ಸ್ಪಷ್ಟವಾಗಿದೆ. ಅದೇ ರೈತರ ಸುದ್ದಿಯನ್ನು ಮರುದಿನ ಬೆಳಿಗ್ಗೆ ಓದಿದವರು ಹಕ್ಕು ಎಂದೇ ಓದಿದರು. ಡಿಜಿಟಲ್‌ಗೆ ಬೆಳಗು ಸಂಜೆ ಒಂದೇ ಎಂದು ಬರೆದವನು ನೀನೇ. ಹಾಗಾದರೆ ಏಳು ಗಂಟೆಗೆ ಮಾತ್ರ ಒಳ್ಳೆಯ ಯಂತ್ರ ಹಾಕಿ, ಉಳಿದ ಹೊತ್ತು ಕೆಟ್ಟದ್ದು ಹಾಕುತ್ತೀರಾ? ವಿಚಾರಿಸಿ ಬರೆ.

ನಿನ್ನ ಭಾವ

ಮಾರ್ಚ್ 15

ಭಾವನವರಿಗೆ,

ವಿಚಾರಿಸಿದೆ. ಪ್ರಸಾರವಾದದ್ದನ್ನೆಲ್ಲ ನಾವು ಸ್ವಲ್ಪ ಕಾಲ ಧ್ವನಿಮುದ್ರಿಸಿ ಇಟ್ಟಿರುತ್ತೇವೆ. ಆ ಗುರುವಾರದ ಸಂಜೆ ವಾರ್ತೆಯನ್ನು ಹೆಡ್‌ಫೋನ್ ಹಾಕಿ ಕೇಳಿದೆ. ನನ್ನ ಮೇಲೆ ನನಗೇ ನಂಬಿಕೆ ಸಾಲದೆ ಪಕ್ಕದವನಿಗೂ ಕೇಳಿಸಿದೆ. ಓದಿದಾತ ಮೂರು ಸಲವೂ ಹಕ್ಕು ಎಂದೇ ಓದಿದ್ದಾನೆ. ಆಕೆ ಕಪ್ಪು ಹಣ ಎಂದೇ ಓದಿದ್ದಾಳೆ. ಗೋಪುರದಿಂದ ಹೊರಟದ್ದೂ ಅದೇ. ನಿಮ್ಮ ಮನೆಗೆ ಬಂದದ್ದೂ ಅದೇ.

ಯಂತ್ರ ಬೆಳಗಿಗೊಂದು ಸಂಜೆಗೊಂದು ಇಲ್ಲ. ಬದಲಾಗುವುದು ಓದುವವರು. ಪಾಳಿಯ ಪಟ್ಟಿ ನೋಡಬೇಕಾಗಿರಲಿಲ್ಲ, ಆದರೂ ನೋಡಿದೆ. ಏಳು ಗಂಟೆಗೆ ಯಾರು ಓದುತ್ತಾರೆಂದು ನಾನು ನಿಮಗೆ ಹೇಳಬೇಕೇ? ಮೂರು ವರ್ಷದಿಂದ ತಾರಸಿ ಹತ್ತುತ್ತಿರುವವರು ನೀವು. ಮನೆಯೊಳಗೆ ಕೇಳಿಸಬಾರದು ಅಂದವರು ಮನೆಯ ಮೇಲೆ ಹೋಗಿ ಕೇಳುತ್ತಿದ್ದೀರಿ. ನಾನು ಎಂಜಿನಿಯರ್ ಅನ್ನಿಸಿಕೊಂಡವನು ಅದಕ್ಕೆ ವಾತಾವರಣದ ಕಾರಣ ಕೊಟ್ಟು ಕೂತಿದ್ದೆ.

ಭಾವ, ದೋಷ ಪೆಟ್ಟಿಗೆಯಲ್ಲಿಲ್ಲ. ಫೋನಿನಲ್ಲಿ ನಾನು ಗೊಣಗುವುದೂ ಇಲ್ಲ. ಅಕ್ಕ ಕೂಗಿದ ದಿನ ಗಾಳಿಯೂ ಇರಲಿಲ್ಲ. ದಯವಿಟ್ಟು ಕಿವಿಯ ಡಾಕ್ಟರಿಗೆ ತೋರಿಸಿ.

ನಿಮ್ಮ ಬಾಮೈದ

ಮಾರ್ಚ್ 22

ರೇಡಿಯೋದ ಬಗ್ಗೆ ಕೇಳಿದ್ದಕ್ಕೆ ನನ್ನ ಬಗ್ಗೆ ಉತ್ತರ ಬಂದಿದೆ. ಗೋಪುರದ ಮೇಲೆ ಕೂತವನಿಗೆ ಎಲ್ಲರ ಮನೆಯ ತಾರಸಿಯೂ ಕಾಣುತ್ತದೇನೋ. ನನ್ನ ಕಿವಿ ನನ್ನ ತಲೆಗೇ ಅಂಟಿಕೊಂಡಿದೆ, ಅದರ ಸ್ಥಿತಿ ನನಗೆ ತಿಳಿದಿದೆ.

ನಾನು ಕೇಳುತ್ತಿದ್ದದ್ದು ವಾರ್ತೆ. ಯಾರು ಓದುತ್ತಾರೆ ಎಂಬುದು ನನಗೆ ಸಂಬಂಧಿಸಿದ್ದಲ್ಲ. ಎರಡೂ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ್ದೇನೆ. ಈ ವಿಷಯದಲ್ಲಿ ಇನ್ನು ಬರೆಯಬೇಕಾಗಿಲ್ಲ.

ಏಪ್ರಿಲ್ 30

ಭಾವನವರಿಗೆ ನಮಸ್ಕಾರಗಳು.

ಬರೆಯಬೇಡ ಅಂದಿರಿ, ಬರೆಯದೆ ಇದ್ದೆ. ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವಾಗಲೆಲ್ಲ ನಿಮ್ಮ ಬಗ್ಗೆ ಕೇಳುತ್ತಿದ್ದೆ. "ಇದ್ದಾರಪ್ಪ, ಪೇಪರ್ ಹಿಡ್ಕೊಂಡು ಗೋಡೆ ಥರ ಕೂತಿರ್ತಾರೆ" ಅನ್ನುತ್ತಿದ್ದಳು. ಪೆಟ್ಟಿಗೆಗಳಲ್ಲಿ ಒಂದು ಅಟ್ಟದಿಂದ ಇಳಿದಿದೆ ಎಂದೂ ಹೇಳಿದಳು. ಯಾವುದು ಎಂದು ನಾನು ಕೇಳಲಿಲ್ಲ.

ಈಗ ಬರೆಯುತ್ತಿರುವುದು ನಿಮಗೆ ಪತ್ರಿಕೆಯಿಂದ ತಿಳಿಯುವ ಮೊದಲು ನನ್ನಿಂದ ತಿಳಿಯಲಿ ಎಂದು. ಮೇ ತಿಂಗಳ ಕೊನೆಗೆ ನಮ್ಮ ಕೇಂದ್ರದ ವಾರ್ತೆಗಳು ನಿಲ್ಲುತ್ತವೆ. ಬೆಳಿಗ್ಗೆ, ಸಂಜೆ ಎರಡೂ. ಮುಖ್ಯ ಕಚೇರಿಯಿಂದ ಒಂದೇ ವಾರ್ತೆ ತಯಾರಾಗಿ ಎಲ್ಲ ಗೋಪುರಗಳಿಗೂ ಬರುತ್ತದೆ. ಉಪಗ್ರಹದವರು ಮಾಡುವುದನ್ನೇ ನಾವು ನೆಲದ ಮೇಲೆ ಮಾಡುತ್ತೇವೆ. ನಿಮಗೆ ಬರೆದ ಹೋಲಿಕೆಯಲ್ಲಿ ನಮ್ಮದು ಮೇಲು ಎಂದು ನಾನು ಹೇಳಿದ ಕಾರಣ ಇನ್ನು ಇರುವುದಿಲ್ಲ.

ಓದುವವರನ್ನು ಕೆಲಸದಿಂದ ತೆಗೆಯುವುದಿಲ್ಲ, ಬರಹದ ಮೇಜಿಗೆ ಹಾಕುತ್ತಾರೆ. ನಿಮ್ಮ ಮಗಳು ಸುದ್ದಿ ಕೇಳಿ, "ಇನ್ಮೇಲೆ ಲೇಟಾಗಿ ಏಳ್ಬಹುದು ಬಿಡಿ ಮಾಮ" ಅಂದಳು. ನಿಮ್ಮ ಕಿವಿಯ ವಿಷಯವನ್ನಾಗಲೀ ತಾರಸಿಯ ವಿಷಯವನ್ನಾಗಲೀ ನಾನು ಅವಳಿಗೆ ಹೇಳಿಲ್ಲ. ಹೇಳಬೇಕಾದವನು ನಾನಲ್ಲ.

ನಿಮ್ಮ ಬಾಮೈದ

ಮೇ 8

ತಂತಿರಾಯನಿಗೆ ಆಶೀರ್ವಾದಗಳು.

ಡಾಕ್ಟರಿಗೆ ತೋರಿಸಿದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಬಹಳ ಹೊತ್ತು ನಾನು ಗುಂಡಿ ಒತ್ತಲಿಲ್ಲ. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದೆ. ಮುಗಿದಿತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕಾಗದದ ಮೇಲೆ ಬರೆದು ವಿವರಿಸಿದರು. ಗಡಸು ಸದ್ದು ಕೇಳುತ್ತದೆ, ಸಣ್ಣ ತೀಕ್ಷ್ಣ ಸದ್ದು ಹೋಗಿದೆ. ಕ, ತ, ಪ, ಸ ಇವೆಲ್ಲ ಆ ಸಣ್ಣ ಸದ್ದಿನ ಮೇಲೆ ನಿಂತ ಅಕ್ಷರಗಳಂತೆ. ಅವು ಹೋದರೆ ಉಳಿಯುವುದು ಸ್ವರ ಮಾತ್ರ. ಹಕ್ಕು ಹತ್ತು ಆಗುವುದು ಹೀಗೆ. ಇದು ಇನ್ನೂ ಇಳಿಯುತ್ತದೆ, ನಿಲ್ಲಿಸಲು ಮದ್ದಿಲ್ಲ. ಕಿವಿಗೆ ಹಾಕುವ ಯಂತ್ರ ಕೊಡುತ್ತಾರೆ, ಆದರೆ ಅದು ಹೊಸ ಕನ್ನಡಕದಂತೆ ಹಾಕಿದ ಕೂಡಲೇ ಕೆಲಸ ಮಾಡುವುದಿಲ್ಲ. ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಒಬ್ಬರ ಮಾತು ಮಾತ್ರ ಸ್ಪಷ್ಟವಾಗಿ ಕೇಳುವುದು ಸಾಧ್ಯವೇ ಎಂದು ಕೇಳಿದೆ. ಸಾಧ್ಯ ಎಂದರು. ತುಂಬ ಪರಿಚಯದ ಧ್ವನಿಯಾದರೆ ಕಿವಿ ಬಿಟ್ಟದ್ದನ್ನು ಮಿದುಳು ತುಂಬಿಕೊಳ್ಳುತ್ತದಂತೆ. ಅಭ್ಯಾಸವನ್ನೂ ಅಂಥ ಧ್ವನಿಯಿಂದಲೇ ಶುರು ಮಾಡಬೇಕು, ಮನೆಯಲ್ಲಿ ಅಂಥವರು ಯಾರಿದ್ದಾರೆ ಎಂದರು. ನಾನು ನಿನ್ನ ಅಕ್ಕನನ್ನು ತೋರಿಸಿದೆ. ಅವಳು ಡಾಕ್ಟರಮ್ಮನಿಗೆ ಹೇಳಿದಳು: "ನನ್ನ ಮಾತು ಇವ್ರು ಕಿವಿ ಚೆನ್ನಾಗಿದ್ದಾಗಲೇ ಕೇಳಿಸ್ಕೊಂಡಿಲ್ಲಮ್ಮ. ಪರಿಚಯ ಎಲ್ಲಿಂದ ಬರ್ಬೇಕು?" ಡಾಕ್ಟರಮ್ಮ ನಕ್ಕರು. ಅದನ್ನು ಅವಳು ನನ್ನ ಕಡೆ ತಿರುಗಿ, ಬಾಯಿ ಕಾಣುವಂತೆ, ನಿಧಾನವಾಗಿ ಹೇಳಿದ್ದಳು. ಆದ್ದರಿಂದ ನನಗೂ ತಿಳಿಯಿತು.

ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, "ತಾರಸಿ ಮನೆಗೆ ಸೇರಿಲ್ವಾ?" ಎಂದು. ಮೂರು ವರ್ಷದಿಂದ ಗೊತ್ತಿತ್ತಂತೆ. ಬೆಳಿಗ್ಗೆ ನಾನು ಮೇಲೆ ಹತ್ತಿದ ಮೇಲೆ ಅವಳು ಮೆಟ್ಟಿಲ ಬುಡದಲ್ಲಿ ನಿಂತು ಕೇಳುತ್ತಿದ್ದಳಂತೆ.

ಈಗ ಒಂದು ಕೋರಿಕೆ. ಪ್ರಸಾರವಾದದ್ದನ್ನು ಮುದ್ರಿಸಿ ಇಟ್ಟಿರುತ್ತೀರಿ ಎಂದು ನೀನು ಬರೆದಿದ್ದೆ. ಏಳು ಗಂಟೆಯ ವಾರ್ತೆಗಳು ಎಷ್ಟು ಸಿಗುತ್ತವೋ ಅಷ್ಟನ್ನು ನನಗೆ ಕಳಿಸಿಕೊಡಲು ಸಾಧ್ಯವೇ? ಹಳೆಯ ಸುದ್ದಿಯಾದರೂ ಪರವಾಗಿಲ್ಲ. ವೈದ್ಯಕೀಯ ಅಭ್ಯಾಸಕ್ಕಾಗಿ.

ನಿನ್ನ ಭಾವ

ಮೇ 16

ಭಾವನವರಿಗೆ,

ನಿಮ್ಮ ಕಾಗದವನ್ನು ಗೋಪುರದ ಕೆಳಗಿನ ಯಂತ್ರದ ಕೋಣೆಯಲ್ಲಿ ಓದಿದೆ. ಅಲ್ಲಿ ಫ್ಯಾನುಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. 

ಮುದ್ರಿಸಿದ್ದನ್ನು ಕಳಿಸುವುದು ಕಷ್ಟವಲ್ಲ. ಮೇಲಿನವರನ್ನು ಕೇಳಿದರೆ ಬೇಡ ಅನ್ನುವುದಿಲ್ಲ. ಆದರೆ ನಾನು ಕಳಿಸುವುದಿಲ್ಲ. ಮೂರು ವರ್ಷ ನೀವು ಕೇಳಿದ್ದೂ ಅದೇ ತಾನೇ, ಅವಳು ಮಾತಾಡುವುದು, ನೀವು ಸುಮ್ಮನಿರುವುದು. ಧ್ವನಿಮುದ್ರಿಕೆ ಕಳಿಸಿದರೆ ನೀವು ಸಾಯುವ ತನಕ ಹಾಗೇ ಇರುತ್ತೀರಿ. ಒರಟಾಗಿ ಬರೆದೆ, ಕ್ಷಮಿಸಿ. ತಿದ್ದುವುದಿಲ್ಲ.

ಫೋನು ಮಾಡಿ ಎಂದೂ ಹೇಳಲಾರೆ. ಫೋನು ಆ ಸಣ್ಣ ಸದ್ದುಗಳನ್ನೇ ಮೊದಲು ಕತ್ತರಿಸಿ ಹಾಕುತ್ತದೆ. ನಮ್ಮ ವಾರ್ತೆ ತಿಂಗಳ ಕೊನೆಗೆ ಮುಗಿಯುತ್ತದೆ. ಉಪಗ್ರಹದಲ್ಲಿ ಅವಳಿಲ್ಲ. ಜನವರಿಯಲ್ಲಿ ಯಾವುದು ಕೊಳ್ಳಲಿ ಎಂದು ಕೇಳಿದ್ದಿರಿ. ಇಷ್ಟು ವರ್ಷ ಈ ಕೆಲಸದಲ್ಲಿದ್ದು ಹೇಳುತ್ತೇನೆ, ನಿಮಗೆ ಹೊಂದುವ ಉಪಕರಣ ಯಾವುದೂ ಇಲ್ಲ. ಅವಳು ಎದುರಿಗೆ ಕೂತು ಮಾತಾಡಬೇಕು.

ಇಲ್ಲಿಯವರೆಗೆ ಹೇಳದ ಒಂದು ವಿಷಯ ಇದೆ. ಏಳು ಗಂಟೆಯ ಪಾಳಿ ಯಾರಿಗೂ ಬೇಡ. ಕತ್ತಲಲ್ಲೇ ಎದ್ದು ಬರಬೇಕು. ಎಲ್ಲರೂ ಸರದಿಯ ಮೇಲೆ ಮಾಡುವುದನ್ನು ಇವಳು ಮನೆ ಬಿಟ್ಟು ಬಂದ ವರ್ಷವೇ ಕೇಳಿ ತನ್ನ ಹೆಸರಿಗೆ ಹಾಕಿಸಿಕೊಂಡಳು. ನಿಮ್ಮ ಮನೆಯಲ್ಲಿ ರೇಡಿಯೋ ಹಾಕುವ ಹೊತ್ತು ಅದೇ ಎಂದು ಅವಳಿಗೆ ಗೊತ್ತಿರಬೇಕು. ಯಾಕೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ.

ಒಂದು ಸಾಲು ಬರೆಯಿರಿ. ನನಗಲ್ಲ.

ನಿಮ್ಮ ಬಾಮೈದ

ಜೂನ್ 4

ತಂತಿರಾಯನಿಗೆ ಆಶೀರ್ವಾದಗಳು.

ಒಂದು ಸಾಲೇ ಬರೆದೆ. "ಭಾನುವಾರ ಊಟಕ್ಕೆ ಬಾ" ಎಂದು. ಬಂದಳು. ನಡೆದದ್ದನ್ನು ನಡೆದಂತೆ ತಿಳಿಸುತ್ತೇನೆ.

ಮೊದಲ ಗಂಟೆ ಚೆನ್ನಾಗಿ ಹೋಗಲಿಲ್ಲ. ಅದಕ್ಕೆ ಕಾರಣ ನೀನೂ ಊಹಿಸಿರಲಿಲ್ಲ, ನಾನೂ ಊಹಿಸಿರಲಿಲ್ಲ. ರೇಡಿಯೋದಲ್ಲಿ ಅವಳು ಪದಕ್ಕೂ ಪದಕ್ಕೂ ನಡುವೆ ಜಾಗ ಬಿಟ್ಟು, ಕೊನೆಯ ಅಕ್ಷರ ನುಂಗದೆ ಓದುತ್ತಾಳೆ. ಮನೆಯ ಮೇಜಿನ ಮುಂದೆ ಕೂತವಳು ಅವಳಲ್ಲ, ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಒಂದೇ ಉಸಿರಿಗೆ ಎಲ್ಲ ಹೇಳುತ್ತಿದ್ದವಳು. ತಟ್ಟೆ ನೋಡಿಕೊಂಡು ಮಾತು, ಮಾತಿನ ನಡುವೆ ನಗು, ಅರ್ಧ ವಾಕ್ಯ ಅಮ್ಮನಿಗೆ, ಅರ್ಧ ನನಗೆ. ನನ್ನ ಮಿದುಳಿಗೆ ಪರಿಚಯವಿದ್ದದ್ದು ಏಳು ಗಂಟೆಯ ಧ್ವನಿ. ಇದು ಯಾವುದೂ ನನಗೆ ಸಿಗಲಿಲ್ಲ. ಕಿವಿಯ ಯಂತ್ರ ತಟ್ಟೆ ಲೋಟದ ಸದ್ದನ್ನು ಮಾತ್ರ ಚೆನ್ನಾಗಿ ಕೇಳಿಸಿತು.

ಕೇಳದವರು ಮಾಡುವುದನ್ನೇ ನಾನೂ ಮಾಡಿದೆ. ಹ್ಞೂಂ ಅಂದೆ, ತಲೆಯಾಡಿಸಿದೆ. ಒಂದು ಸಲ ಅವಳು ತಲೆ ತಗ್ಗಿಸಿಕೊಂಡು ಏನೋ ಕೇಳಿದಳು. ತಲೆಯಾಡಿಸಿದೆ. ಅವಳು ತಟ್ಟೆ ಬಿಟ್ಟು ಎದ್ದಳು. ಕೈ ತೊಳೆದು ಬಂದು ಚೀಲ ಹುಡುಕತೊಡಗಿದಳು. ನಿನ್ನ ಅಕ್ಕ ನನ್ನನ್ನು ನೋಡಿದ ನೋಟ ಬರೆಯಲು ಬರುವುದಿಲ್ಲ. ಮಗಳು ಕೇಳಿದ್ದು ಏನೆಂದು ನನಗೆ ಆಮೇಲೆ ತಿಳಿಯಿತು. "ಇನ್ನೂ ಕೋಪ ಇದೆಯಾ ಅಪ್ಪ?" ಎಂದು ಕೇಳಿದ್ದಳಂತೆ. ನಾನು ಹೌದೆಂದು ತಲೆಯಾಡಿಸಿದ್ದೆ.

ಅವಳು ಬಾಗಿಲ ತನಕ ಹೋಗಿದ್ದಳು.

"ನಿಂತ್ಕೋ. ನಂಗೆ ಕೇಳಿಸ್ಲಿಲ್ಲ" ಅಂದೆ.

ಅವಳು ತಿರುಗಿದಳು. ಬಾಯಿ ಕಂಡಿತು. "ಯಾವುದು?"

"ಯಾವುದೂ. ನೀನು ಬಂದಾಗಿಂದ ಆಡಿದ್ದು ಒಂದೂ ಕೇಳಿಸಿಲ್ಲ. ಕಿವಿ ಹೋಗಿದೆ ಕಣಮ್ಮ."

ಈ ವಾಕ್ಯವನ್ನು ನಾನು ಅದಕ್ಕೆ ಮೊದಲು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ನಿನ್ನ ಹತ್ತಿರ ಕಾಗದದಲ್ಲಿ ಹೇಳಿದ್ದು ಬೇರೆ. ಡಾಕ್ಟರಮ್ಮನೇ ನನಗೆ ಹೇಳಿದ್ದು, ನಾನು ಅವರಿಗೆ ಹೇಳಿದ್ದಲ್ಲ.

ಅವಳು ನಿಂತೇ ಇದ್ದಳು. ನಿನ್ನ ಅಕ್ಕ ಏನೋ ಅಂದಳು, ಬಹುಶಃ ಕೂರು ಎಂದು.

"ಬೆಳಿಗ್ಗೆ ಓದ್ತಿದ್ದೆಯಲ್ಲ, ಹಾಗೆ ಹೇಳು. ಅದು ನಂಗೆ ಕೇಳಿಸುತ್ತೆ. ಅದೊಂದೇ ಕೇಳಿಸೋದು."

ಅವಳು ನನ್ನನ್ನು ನೋಡಿದಳು, ಆಮೇಲೆ ಅಮ್ಮನನ್ನು. ಅಮ್ಮ ಬೆರಳಿನಿಂದ ಮೇಲೆ ತೋರಿಸಿದಳು, ತಾರಸಿಯ ಕಡೆಗೆ. ಅಷ್ಟರಿಂದಲೇ ಅವಳಿಗೆ ಎಲ್ಲ ತಿಳಿದಂತೆ ಕಂಡಿತು. ಚೀಲ ಕೆಳಗಿಟ್ಟಳು. ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ತಟ್ಟೆ ಪಕ್ಕಕ್ಕೆ ಸರಿಸಿದಳು, ಬೆನ್ನು ನೆಟ್ಟಗೆ ಮಾಡಿದಳು, ಎರಡೂ ಕೈಗಳನ್ನು ಮೇಜಿನ ಮೇಲೆ ಜೋಡಿಸಿದಳು. ಮೈಕಿನ ಮುಂದೆ ಹೀಗೆಯೇ ಕೂರುತ್ತಾಳೇನೋ, ನೀನು ನೋಡಿರುತ್ತೀಯ. ನಾನು ನೋಡಿದ್ದು ಮೊದಲ ಸಲ.

ಓದಿದಳು. ಕೈಯಲ್ಲಿ ಕಾಗದ ಇರಲಿಲ್ಲ. "ಮುಖ್ಯಾಂಶಗಳು" ಎಂದೇ ಆರಂಭಿಸಿದಳು. ಮನೆಯ ಯಜಮಾನರ ಶ್ರವಣಶಕ್ತಿ ಕುಂದಿರುವುದನ್ನು ಕುಟುಂಬದ ಮೂಲಗಳು ಖಚಿತಪಡಿಸಿವೆ. ಗೃಹಿಣಿಯ ಮೊಣಕಾಲು ನೋವಿನ ಬಗ್ಗೆ ಸಂಬಂಧಪಟ್ಟವರು ಇನ್ನೂ ಕ್ರಮ ಕೈಗೊಂಡಿಲ್ಲ. ನಿನ್ನ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಅಥವಾ ನಗುತ್ತಿರಲಿಲ್ಲ. ಮುಂದೆ ಅವಳ ಕೋಣೆ, ಅವಳ ಹೊಸ ಮೇಜು, ಮನೆಯೊಡತಿಯ ಕಾಟ, ತಾನೇ ಮಾಡಿಕೊಂಡು ತಾನೇ ಉಣ್ಣುವ ಅಡುಗೆ. ಮೂರು ವರ್ಷದ್ದನ್ನು ಒಂದೊಂದಾಗಿ, ಒಂದು ಸುದ್ದಿಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಂಡು ಓದಿದಳು. ನಾನು ಅಡ್ಡ ಬಾಯಿ ಹಾಕಲಿಲ್ಲ. ಒಂದು ಅಕ್ಷರವೂ ಬಿಟ್ಟುಹೋಗಲಿಲ್ಲ.

"ಕೊನೆಯದಾಗಿ" ಎಂದು ಹೇಳಿ ಸ್ವಲ್ಪ ನಿಲ್ಲಿಸಿದಳು. ಅದಕ್ಕೆ ಒಂದೇ ವಾಕ್ಯ. ಶುದ್ಧೀಕರಣ ಘಟಕದ ಆ ವಾರ್ತೆ ಓದಿದ ದಿನದ್ದು. ಅದನ್ನು ನಿನಗೆ ಬರೆಯುವುದಿಲ್ಲ.

ಅದನ್ನು ಓದುವಾಗ ಅವಳ ಧ್ವನಿ ನಡುಗಿತು. ನಡುಗಿದ್ದೂ ಕೇಳಿಸಿತು.

ನಿನ್ನ ಭಾವ